ಶರಾವತಿ ಹಿನ್ನೀರಲ್ಲಿ ಬೋಟಿನ ತೆರೆ: ಸ್ವಲ್ಪ ನಿಧಾನ ಮಾಡ್ರಪ್ಪಾ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಹೊನ್ನಾವರದ ಬೋಟಿಂಗ್ ಬಗ್ಗೆ ಆಗಾಗ ಫೋಟೋ ಹಾಕಿ ಬರೀತೀರಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಸಂಜೆ ಸೂರ್ಯ, ಲೈಫ್ ಜಾಕೆಟ್ ಹಾಕ್ಕೊಂಡು ಕೈ ಬೀಸೋ ಮಕ್ಕಳು, ಎಲ್ಲಾ ಚೆಂದ. ಊರಿಗೆ ನಾಲ್ಕು ಕಾಸು ಬರ್ತಿದೆ, ನಮ್ಮ ಹುಡುಗರು ಬೆಂಗಳೂರು ಗೋವಾ ಅಂತ ಹೋಗೋದು ಬಿಟ್ಟು ಇಲ್ಲೇ ಬೋಟ್ ಓಡಿಸಿ ಬದುಕ್ತಿದಾರೆ, ಅದಕ್ಕೆ ನನ್ನ ತಕರಾರು ಏನೂ ಇಲ್ಲ. ಆದ್ರೆ ಆ ಫೋಟೋಗಳಲ್ಲಿ ಬೋಟಿನ ಹಿಂದೆ ನೊರೆ ಎದ್ದು ಎರಡೂ ಕಡೆ ತೆರೆ ಅಗಲ ಆಗ್ತಾ ಹೋಗೋದು ಕಾಣತ್ತಲ್ಲ, ಆ ತೆರೆ ಕೊನೆಗೆ ಯಾರಿಗೆ ಹೋಗಿ ಬಡಿಯತ್ತೆ ಅಂತ ಯಾರೂ ಬರೆದಿದ್ದು ನಾನು ನೋಡಿಲ್ಲ, ಅದಕ್ಕೇ ಈ ಪತ್ರ. ಉದ್ದ ಆಗತ್ತೆ, ಕತ್ತರಿ ಹಾಕೋದಾದ್ರೆ ಹಾಕಿ, ತೆರೆ ಬಂದಾಗ ಏನು ಮಾಡ್ಬೇಕು ಅನ್ನೋ ಭಾಗ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಇದೇ ನದಿ ದಂಡೆಯವನು. ನಡುವೆ ಒಂದಿಷ್ಟು ವರ್ಷ ಹಡಗಲ್ಲಿ ಕೆಲಸ ಮಾಡಿ ಈಗ ಊರಲ್ಲೇ ಇದೀನಿ, ಒಂದು ಸಣ್ಣ ಫೈಬರ್ ದೋಣಿ ಇದೆ, ಹಿಂದಿನ ಹಲಗೆಗೆ ಹೊರಗಿಂದ ಕೂರಿಸೋ ಔಟ್‌ಬೋರ್ಡ್ ಇಂಜಿನ್ ಇದೆ, ಬೆಳಿಗ್ಗೆ ಗಾಳಿ ಏಳೋ ಮುಂಚೆ ಮಾವಿನಕುರ್ವೆ ದ್ವೀಪದ ಕಡೆ ಒಂದು ಸುತ್ತು ಹೋಗಿ ಬರೋದು ಅಭ್ಯಾಸ. ಹಾಗಾಗಿ ಬೇರೆಯವರ ಬೋಟಿನ ತೆರೆ ತಿನ್ನೋನೂ ನಾನೇ, ತೆರೆ ಎಬ್ಬಿಸೋನೂ ನಾನೇ.

ಹೊಳೆಯಲ್ಲಿ ಯಾರ್ಯಾರು ಇರ್ತಾರೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಹೊರಗಿಂದ ಬಂದೋರಿಗೆ ಹೊಳೆ ಖಾಲಿ ಅನ್ಸತ್ತೆ. ಇಳಿತದ ಹೊತ್ತಲ್ಲಿ ಎದೆಮಟ್ಟದ ನೀರಲ್ಲಿ ನಿಂತು ಬಳಚು ಅನ್ನೋ ಚಿಪ್ಪುಮೀನು ತೆಗೆಯೋರು ಇರ್ತಾರೆ, ಕಾಲಲ್ಲಿ ತಡಕಿ ಮುಳುಗಿ ಎತ್ತಿ ಪಕ್ಕದಲ್ಲಿ ತೇಲ್ತಿರೋ ಪಾತ್ರೆಗೆ ಹಾಕ್ತಾರೆ, ದೂರದಿಂದ ನೋಡಿದ್ರೆ ಬರೀ ತಲೆ ಕಾಣತ್ತೆ, ಕೆಲವೊಮ್ಮೆ ಅದೂ ಕಾಣಲ್ಲ. ಪಾತಿ ದೋಣಿಲಿ ನಿಂತ್ಕೊಂಡು ಬೀಸು ಬಲೆ ಹಾಕೋ ಮುದುಕರು ಇರ್ತಾರೆ, ಆ ದೋಣಿ ಅಂಚಿಂದ ನೀರಿಗೆ ಒಂದು ಗೇಣು ಇದ್ರೆ ಹೆಚ್ಚು. ಈಗೀಗ ಕಯಾಕ್ ತಗೊಂಡು ಬರೋ ಹುಡುಗ ಹುಡುಗಿಯರೂ ಇದಾರೆ. ಇವರ ಯಾರ ಹತ್ರನೂ ಇಂಜಿನ್ ಇಲ್ಲ, ತೆರೆ ಬಂತು ಅಂತ ಓಡಿ ಹೋಗೋ ಹಾಗಿಲ್ಲ. ಒಂದು ದೊಡ್ಡ ಬೋಟು ಫುಲ್ ಸ್ಪೀಡಲ್ಲಿ ಪಕ್ಕದಲ್ಲಿ ಹೋದ್ರೆ ಬಳಚಿನ ಪಾತ್ರೆ ಮಗುಚತ್ತೆ, ಬೆಳಗಿನಿಂದ ಮಾಡಿದ ಕೆಲಸ ಮತ್ತೆ ಹೊಳೆ ತಳಕ್ಕೆ. ಇದು ನಾನು ಕಣ್ಣಾರೆ ನೋಡಿದ್ದು, ಆ ಬೋಟಲ್ಲಿ ಇದ್ದೋರು ತಿರುಗಿ ನೋಡಿ ಟಾಟಾ ಮಾಡಿದ್ರು, ಅವರಿಗೆ ಗೊತ್ತೂ ಆಗಿಲ್ಲ ಪಾಪ. ಮಳೆಗಾಲದಲ್ಲಿ ಹೊಂಡದ ನೀರು ಹಾರಿಸಿ ಹೋಗೋ ಬಸ್ಸಿನ ಕಥೆನೇ ಇದು, ಹಾರಿಸಿದೋನಿಗೆ ಒಂದು ಹನಿನೂ ತಾಗಲ್ಲ.

ಅವರಿಗೆ ಗೊತ್ತಾಗದೇ ಇರೋಕೆ ಒಂದು ಕಾರಣ ಇದೆ. ಬೋಟಿನ ತೆರೆ ಬೋಟಿನ ಜೊತೆಗೇ ಬರಲ್ಲ, ಆಮೇಲೆ ಬರತ್ತೆ. ಆಳದ ನೀರಲ್ಲಿ ಬೋಟು ಸಣ್ಣದಿರಲಿ ದೊಡ್ಡದಿರಲಿ, ಅದರ ತೆರೆ ಹಿಂದೆ ಎರಡೂ ಪಕ್ಕಕ್ಕೆ ಸುಮಾರು 19.5 ಡಿಗ್ರಿ ಕೋನದಲ್ಲಿ ಹರಡ್ತಾ ಹೋಗತ್ತೆ, ಇದನ್ನ ಕೆಲ್ವಿನ್ ಅನ್ನೋ ವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲೇ ಲೆಕ್ಕ ಹಾಕಿ ಇಟ್ಟಿದಾರೆ. ಈಗ ನೀವು 60 ಮೀಟರ್ ದೂರದಲ್ಲಿ ಇದೀರಿ ಅಂದ್ಕೊಳ್ಳಿ, ಬೋಟು ಗಂಟೆಗೆ 24 ಕಿ.ಮೀ. ಸ್ಪೀಡಲ್ಲಿ ನಿಮ್ಮನ್ನ ದಾಟಿ ಹೋಯ್ತು ಅಂದ್ಕೊಳ್ಳಿ, ಅದರ ತೆರೆ ನಿಮ್ಮ ಹತ್ರ ಬರೋ ಹೊತ್ತಿಗೆ ಹತ್ರ ಹತ್ರ 25 ಸೆಕೆಂಡ್ ಆಗಿರತ್ತೆ, ಬೋಟು 170 ಮೀಟರ್ ಮುಂದೆ ಹೋಗಿರತ್ತೆ. ಓಡಿಸೋನ ಮುಖ ಮುಂದಕ್ಕೆ ಇರತ್ತೆ. ಈ ಕಡೆ ದೋಣಿಲಿ ಇರೋರೂ ಸದ್ಯ ಹೋಯ್ತಲ್ಲ ಅಂತ ಎದ್ದು ನಿಂತಿರ್ತಾರೆ, ಆಗ ಬಂದು ಬಡಿಯತ್ತೆ. ಅದೂ ಒಂದೇ ತೆರೆ ಅಲ್ಲ, ಒಂದರ ಹಿಂದೆ ಒಂದು ಬರತ್ತೆ, ಸಾಮಾನ್ಯವಾಗಿ ಮೊದಲನೇದಕ್ಕಿಂತ ಎರಡನೇದೋ ಮೂರನೇದೋ ಜೋರಾಗಿರತ್ತೆ. ದಂಡೆಗೆ ಕಲ್ಲು ಕಟ್ಟಿದ ಕಡೆ ಅಂತೂ ಹೋಗಿ ಹೊಡೆದು ವಾಪಸ್ ಬರತ್ತೆ, ಎರಡು ಕಡೆಯಿಂದ ಬಂದ ತೆರೆ ಕೂಡಿದ ಜಾಗದಲ್ಲಿ ಇದ್ದೋನ ಪಾಡು ಕೇಳೋದೇ ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೋಟಿನೋರ ಹತ್ರ ಮಾತಾಡಿದ್ರೆ ಎಲ್ರೂ ಒಂದೇ ಮಾತು ಹೇಳ್ತಾರೆ, ಅಣ್ಣಾ ನಾವು ದೋಣಿ ಕಂಡಾಗ ಸ್ವಲ್ಪ ಸ್ಲೋ ಮಾಡ್ತೀವಲ್ಲ ಅಂತ. ಆ ಸ್ವಲ್ಪ ಸ್ಲೋ ಅನ್ನೋದೇ ಎಲ್ಲಕ್ಕಿಂತ ಕೆಟ್ಟದು, ಹೇಳಿದ್ರೆ ನಂಬಲ್ಲ. ಫೈಬರ್ ಬೋಟಿಗೆ ಮೂರು ನಡಿಗೆ ಇದೆ. ನಿಧಾನಕ್ಕೆ ಹೋಗೋವಾಗ ನೀರನ್ನ ಸೀಳ್ಕೊಂಡು ಮಟ್ಟಸವಾಗಿ ಹೋಗತ್ತೆ, ತೆರೆ ಸಣ್ಣದು. ತುಂಬಾ ಜೋರು ಹೋಗೋವಾಗ, ತಳ ಚಪ್ಪಟೆ ಇದ್ದು ಇಂಜಿನ್ ತಾಕತ್ತು ಇದ್ರೆ, ಮೇಲೆದ್ದು ನೀರಿನ ಮೇಲೆ ಜಾರ್ಕೊಂಡು ಹೋಗತ್ತೆ, ಆಗ್ಲೂ ತೆರೆ ಇರತ್ತೆ ಆದ್ರೆ ಅಂದ್ಕೊಂಡಷ್ಟು ಎತ್ತರ ಇರಲ್ಲ. ಇವೆರಡರ ನಡುವಿಂದು ಇದೆಯಲ್ಲ, ಮೂತಿ ಆಕಾಶಕ್ಕೆ ಎದ್ದು ಹಿಂಭಾಗ ನೀರಲ್ಲಿ ಕೂತು ಇಂಜಿನ್ ಒದ್ದಾಡ್ತಾ ಇರೋ ಸ್ಪೀಡು, ಅದರಲ್ಲಿ ಏಳೋ ತೆರೆನೇ ದೊಡ್ಡದು, ಬೋಟು ತನ್ನ ಭಾರ ಎಲ್ಲಾ ಹಾಕಿ ನೀರನ್ನ ಗುಡ್ಡೆ ಮಾಡ್ತಾ ಹೋಗತ್ತೆ. 24ರಲ್ಲಿ ಹೋಗ್ತಿದ್ದೋನು ಪಾಪ ಒಳ್ಳೇ ಮನಸ್ಸಿಂದನೇ 16ಕ್ಕೆ ಇಳಿಸ್ತಾನೆ, ಇಳಿಸಿದ್ದು ಸರಿಯಾಗಿ ಈ ಮಧ್ಯದ ಸ್ಪೀಡಿಗೆ, ಪಾತಿ ದೋಣಿಯೋನಿಗೆ ಮೊದಲಿಗಿಂತ ದೊಡ್ಡ ತೆರೆ ಉಡುಗೊರೆ. ಇದರ ಜೊತೆ ಒಂದು ಲೆಕ್ಕ ನೆನಪಿಡಿ, ತೆರೆ ಎತ್ತರ ಎರಡು ಪಟ್ಟು ಆದ್ರೆ ಅದರ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಹಾಗಾದ್ರೆ ಎಷ್ಟಕ್ಕೆ ಇಳಿಸ್ಬೇಕು? ಹಳೇ ಲೆಕ್ಕ ಒಂದಿದೆ, ನೀರಿಗೆ ತಾಗಿರೋ ಬೋಟಿನ ಉದ್ದವನ್ನ ಅಡಿಯಲ್ಲಿ ಹಿಡಿದು ಅದರ ವರ್ಗಮೂಲಕ್ಕೆ 1.34ರಿಂದ ಗುಣಿಸಿದ್ರೆ, ಬೋಟು ನೀರು ಸೀಳ್ಕೊಂಡು ಹೋಗಬಹುದಾದ ಹೆಚ್ಚಿನ ಸ್ಪೀಡು ನಾಟ್‌ನಲ್ಲಿ ಸಿಗತ್ತೆ. 25 ಅಡಿ ಅಂದ್ರೆ ವರ್ಗಮೂಲ 5, ಗುಣಿಸಿದ್ರೆ 6.7 ನಾಟ್, ಅಂದಾಜು ಗಂಟೆಗೆ 12 ಕಿ.ಮೀ. ಆದ್ರೆ ಅದು ಕೊನೇ ಗಡಿ, ಅಲ್ಲಿ ಆಗ್ಲೇ ತೆರೆ ಎದ್ದಿರತ್ತೆ. ಬೇರೆಯವರ ಪಕ್ಕದಲ್ಲಿ ಹೋಗೋವಾಗ ಅದರ ಅರ್ಧಕ್ಕೆ ತರ್ಬೇಕು, ಅಂದ್ರೆ 6 ಕಿ.ಮೀ., ಜೋರಾಗಿ ನಡೆಯೋ ಮನುಷ್ಯನ ಸ್ಪೀಡು. ಲೆಕ್ಕ ಎಲ್ಲಾ ಯಾಕೆ, ಹಿಂದೆ ತಿರುಗಿ ನೋಡಿ, ನಿಮ್ಮ ಬೋಟಿನ ಹಿಂದೆ ಬಿಳಿ ನೊರೆ ಕಾಣ್ತಾ ಇದ್ರೆ ಇನ್ನೂ ಇಳಿಸ್ಬೇಕು ಅಂತ ಅರ್ಥ. ಮೂತಿ ಪೂರ್ತಿ ಕೆಳಗೆ ಕೂತಿರ್ಬೇಕು. ಮತ್ತೆ ಇಳಿಸೋದು ದೋಣಿಯ ಪಕ್ಕಕ್ಕೆ ಬಂದ್ಮೇಲೆ ಅಲ್ಲ, ಸಾಕಷ್ಟು ಮುಂಚೆ, ಯಾಕಂದ್ರೆ ನೀವು ಆಗ್ಲೇ ಎಬ್ಬಿಸಿದ ತೆರೆ ನೀವು ನಿಂತ್ರೂ ನಿಲ್ಲಲ್ಲ, ಮುಂದೆ ಹೋಗ್ತಾನೇ ಇರತ್ತೆ. ಒಮ್ಮೆಲೇ ಥ್ರಾಟಲ್ ಬಿಟ್ರೆ ಅದೇ ತೆರೆ ಹಿಂದಿನಿಂದ ಬಂದು ನಿಮ್ಮ ಬೋಟಿನ ಹಿಂಭಾಗ ಹತ್ತತ್ತೆ, ಔಟ್‌ಬೋರ್ಡ್ ಕೂರಿಸೋಕೆ ಅಂತ ಹಿಂದಿನ ಹಲಗೆ ತಗ್ಗು ಇರೋ ಬೋಟುಗಳಲ್ಲಿ ನೀರು ಒಳಗೆ ಬರೋದು ಹೀಗೇನೇ.

ನಮ್ಮ ಹೊಳೆಯಲ್ಲಿ ಇನ್ನೊಂದು ತೊಂದರೆ ಇದೆ, ಆಳ ಕಮ್ಮಿ. ಅಳಿವೆಯಲ್ಲಿ ಹೂಳು ತುಂಬೋ ಕಥೆ ನಿಮ್ಮ ಪೇಪರಲ್ಲೇ ಎಷ್ಟು ಸಲ ಬಂದಿಲ್ಲ, ಒಳಗೂ ಹಾಗೇ, ಮರಳಿನ ದಿಬ್ಬ ಒಂದು ಮಳೆಗಾಲ ಇದ್ದಲ್ಲಿ ಮುಂದಿನ ಮಳೆಗಾಲ ಇರಲ್ಲ. ಆಳ ಕಮ್ಮಿ ಇರೋ ಕಡೆ ನೀರಿನ ತೆರೆಗೆ ಓಡೋಕೆ ಒಂದು ಮಿತಿ ಇದೆ, 2 ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 16 ಕಿ.ಮೀ., 3 ಮೀಟರಲ್ಲಿ 19 ಚಿಲ್ಲರೆ. ಬೋಟು ಸರಿಯಾಗಿ ಆ ಮಿತಿ ಹತ್ರದ ಸ್ಪೀಡಲ್ಲಿ ಹೋದ್ರೆ ತೆರೆ ಬೋಟಿನ ಜೊತೆಗೇ ಸಿಕ್ಕಿಹಾಕ್ಕೊಂಡು ಬೆಳೀತಾ ಹೋಗತ್ತೆ, ಹರಡಿ ಕರಗೋಕೆ ದಾರಿನೇ ಇರಲ್ಲ. ಹಾಗಾಗಿ ಉಬ್ಬರದಲ್ಲಿ ಅದೇ ಬೋಟು ಅದೇ ಸ್ಪೀಡಲ್ಲಿ ಹೋದ್ರೆ ಏನೂ ಆಗದೇ ಇರೋದು ಇಳಿತದಲ್ಲಿ ಯಾರನ್ನೋ ಮಗುಚಿ ಹಾಕಬಹುದು. ಬಳಚು ತೆಗೆಯೋರು ನೀರಿಗೆ ಇಳಿಯೋದೂ ಇಳಿತದಲ್ಲೇ, ನೋಡಿ ಎಂಥಾ ಲೆಕ್ಕಾಚಾರ.

ಇನ್ನು ತೆರೆ ತಿನ್ನೋರ ಕಡೆ. ಸಣ್ಣ ದೋಣಿ, ಬೋಟು ಓಡಿಸೋರು, ಮೊನ್ನೆ ಮೊನ್ನೆ ಇಂಜಿನ್ ಹಿಡಿದ ಹುಡುಗರು ಇದನ್ನ ಓದ್ತಾ ಇದ್ರೆ ಅವರಿಗೆ ಹೇಳ್ತೀನಿ, ಬೋಟು ನಡೆಸೋ ಹಳೇ ತಾಂಡೇಲರಿಗೆ ಇದು ಹೇಳಿಕೊಡೋ ಅಗತ್ಯ ಇಲ್ಲ, ಅವರ ಕೈಗೇ ಗೊತ್ತು. ದೊಡ್ಡ ಬೋಟು ಬರೋದು ಕಂಡ ಕೂಡ್ಲೇ ಸ್ಪೀಡ್ ಇಳಿಸಿ, ತೆರೆ ಬಂದ್ಮೇಲೆ ಅಲ್ಲ. ಆದ್ರೆ ಇಂಜಿನ್ ನ್ಯೂಟ್ರಲ್ ಮಾಡಿ ಕೂರಬೇಡಿ, ಚುಕ್ಕಾಣಿ ಮಾತು ಕೇಳ್ಬೇಕು ಅಂದ್ರೆ ಸ್ವಲ್ಪ ಮುನ್ನಡೆ ಇರ್ಲೇಬೇಕು, ಸತ್ತ ದೋಣಿ ತಾನಾಗೇ ತೆರೆಗೆ ಅಡ್ಡ ತಿರುಗತ್ತೆ. ಅಡ್ಡ ಸಿಕ್ಕಿದ್ರೆ ದೋಣಿ ಹೊಯ್ದಾಡತ್ತೆ, ಒಳಗಿರೋ ಸಾಮಾನು ಜನ ಎಲ್ಲಾ ಒಂದೇ ಪಕ್ಕಕ್ಕೆ. ಹಾಗಂತ ಮೂತಿಯನ್ನ ನೇರ ತೆರೆಗೆ ಕೊಟ್ಟು ನುಗ್ಗೋದೂ ಬೇಡ, ಒಂದನ್ನ ಹತ್ತಿ ಇಳಿಯೋ ಹೊತ್ತಿಗೆ ಎರಡನೇದರಲ್ಲಿ ಮೂತಿ ಹೂತು ನೀರು ಒಳಗೆ ಬರತ್ತೆ, ಇಲ್ಲಾ ಧಡ್ ಅಂತ ಬಿದ್ದು ತಳ ಬಿರಿಯತ್ತೆ. ಓರೆಯಾಗಿ ತಗೋಬೇಕು, 30ರಿಂದ 45 ಡಿಗ್ರಿ ಅಂತಾರೆ, ಕೋನಮಾಪಕ ಹಿಡ್ಕೊಂಡು ಯಾರೂ ಕೂರಲ್ಲ, ಎದುರಿಗೂ ಅಡ್ಡಕ್ಕೂ ಮಧ್ಯ ಅಂತ ಇಟ್ಕೊಳ್ಳಿ. ದೋಣಿ ಮೊದಲು ಒಂದು ಭುಜ ಎತ್ತಿ ಆಮೇಲೆ ಇನ್ನೊಂದು ಇಳಿಸ್ಕೊಂಡು ಆರಾಮಾಗಿ ದಾಟತ್ತೆ. ಕೊನೇ ತೆರೆ ದಾಟೋ ತನಕ ಹಾಗೇ ಇದ್ದು ಆಮೇಲೆ ದಾರಿಗೆ ಬನ್ನಿ. ಗಡಿಬಿಡಿಲಿ ತಿರುಗೋ ಮುಂಚೆ ನಿಮ್ಮ ಹಿಂದೆ ಯಾರಾದ್ರೂ ಬರ್ತಾ ಇದಾರಾ ನೋಡಿ, ತೆರೆ ತಪ್ಪಿಸೋಕೆ ಹೋಗಿ ಇನ್ನೊಂದು ಬೋಟಿನ ಮೂತಿಗೆ ಸಿಕ್ಕಿದ್ರೆ ಅದಕ್ಕೆ ಮದ್ದಿಲ್ಲ.

ಹುಟ್ಟು ಹಾಕೋ ದೋಣಿಲಿ ನಿಂತಿದ್ರೆ ಕೂತ್ಕೊಳ್ಳಿ, ಅಷ್ಟರಲ್ಲೇ ಮುಕ್ಕಾಲು ಅಪಾಯ ಕಳೀತು. ಕಯಾಕ್‌ನೋರು ಪ್ಯಾಡಲ್ ಎತ್ತಿ ಹಿಡ್ಕೊಂಡು ಕಿರುಚೋದು ನೋಡಿದೀನಿ, ಹಾಗೆ ಮಾಡಬೇಡಿ, ಪ್ಯಾಡಲ್ ನೀರಲ್ಲೇ ಇರ್ಲಿ, ನಿಧಾನಕ್ಕೆ ಹಾಕ್ತಾನೇ ಇರಿ, ಪಕ್ಕದಿಂದ ಬಂದೇ ಬಿಡ್ತು ಅಂದ್ರೆ ತೆರೆ ಬರೋ ಕಡೆ ಪ್ಯಾಡಲ್ಲಿನ ಅಲಗನ್ನ ನೀರಿನ ಮೇಲೆ ಚಪ್ಪಟೆ ಊರಿ, ಸೊಂಟ ಸಡಿಲ ಬಿಡಿ, ಕೆಳಗೆ ಕಯಾಕ್ ಆಡಿದ್ರೂ ಮೇಲಿನ ಮೈ ನೆಟ್ಟಗಿರತ್ತೆ.

ಹಿಂದಿನಿಂದ ಬಂದು ಓವರ್‌ಟೇಕ್ ಮಾಡೋದು ಎಲ್ಲಕ್ಕಿಂತ ತಲೆನೋವು. ಎದುರಿಂದ ಬರೋ ಬೋಟಿನ ತೆರೆ ಬೇಗ ದಾಟಿ ಹೋಗತ್ತೆ, ಓವರ್‌ಟೇಕ್ ಮಾಡೋ ಬೋಟಿನ ತೆರೆ ನಿಮ್ಮ ಜೊತೆಗೇ ಓಡ್ತಾ ಇರತ್ತೆ, ಹೊಯ್ದಾಟ ಮುಗಿಯೋದೇ ಇಲ್ಲ. ಅಮೆರಿಕದ ಪೂರ್ವ ಕರಾವಳಿ ಉದ್ದಕ್ಕೂ ಒಳನಾಡಿನ ಜಲಮಾರ್ಗ ಇದೆ, ಅಲ್ಲಿ ಹಾಯಿ ದೋಣಿಯೋರು, ಸಣ್ಣ ಬೋಟಿನೋರು, ದೊಡ್ಡ ಮೋಟರ್ ಯಾಟ್‌ನೋರು ಎಲ್ಲಾ ಒಂದೇ ಇಕ್ಕಟ್ಟು ಕಾಲುವೆಯಲ್ಲಿ ಹೋಗ್ಬೇಕು, ಅವರು ಇದಕ್ಕೆ ಒಂದು ಪದ್ಧತಿ ಮಾಡ್ಕೊಂಡಿದಾರೆ, ಸ್ಲೋ ಪಾಸ್ ಅಂತ. ಹಿಂದಿನೋನು ರೇಡಿಯೋದಲ್ಲಿ ಕರೆದು ನಿಮ್ಮ ಎಡಕ್ಕೆ ದಾಟ್ತೀನಿ ಅಂತಾನೆ, ಮುಂದಿನೋನು ಸರಿ ಅಂತ ಹೇಳಿ ತಾನೇ ಮೊದಲು ಸ್ಪೀಡ್ ಇಳಿಸ್ತಾನೆ. ಇದು ಮುಖ್ಯ, ಮುಂದಿನೋನು ಇಳಿಸದೇ 10 ಕಿ.ಮೀ.ನಲ್ಲಿ ಹೋಗ್ತಾ ಇದ್ರೆ ಹಿಂದಿನೋನು ದಾಟೋಕೆ 14ಕ್ಕೋ 16ಕ್ಕೋ ಏರಿಸ್ಲೇಬೇಕು, ಅಲ್ಲಿ ತೆರೆ ಏಳತ್ತೆ. ಮುಂದಿನೋನು 4ಕ್ಕೆ ಬಂದ್ರೆ ಇವನು 7ರಲ್ಲಿ ತಣ್ಣಗೆ ದಾಟಬಹುದು. ದಾಟಿದ ಮೇಲೆ ಮುಂದಿನೋನು ತನ್ನ ಮೂತಿಯನ್ನ ದಾಟಿದ ಬೋಟಿನ ಹಿಂಭಾಗದ ಕಡೆ ತಿರುಗಿಸಿ, ಆ ಒಂದೆರಡು ಸಣ್ಣ ತೆರೆ ಓರೆಯಾಗಿ ದಾಟಿ, ಅದರ ನೇರ ಹಿಂದಿನ ಸಪಾಟು ನೀರಿಗೆ ಸೇರ್ಕೊಳ್ತಾನೆ. ದೊಡ್ಡ ಬೋಟಿನೋನು ಸಾಕಷ್ಟು ದೂರ ಹೋದ್ಮೇಲೆ ಮತ್ತೆ ಸ್ಪೀಡ್ ಏರಿಸ್ತಾನೆ. ಎಲ್ಲಾ ಸೇರಿ ಒಂದೆರಡು ನಿಮಿಷದ ಕೆಲಸ. ನಮ್ಮಲ್ಲಿ ಸಣ್ಣ ಬೋಟುಗಳಲ್ಲಿ ರೇಡಿಯೋ ಇಲ್ಲ, ಬೇಡ ಬಿಡಿ, ಕೈ ಸನ್ನೆ ಸಾಕು, ಕೂಗಿದ್ರೂ ಕೇಳತ್ತೆ.

ಹಾರ್ನ್ ಭಾಷೆ ಅಂತೂ ಇದ್ದೇ ಇದೆ. 1972ರ ಅಂತರರಾಷ್ಟ್ರೀಯ ನೌಕಾ ನಿಯಮದಲ್ಲಿ ಇಕ್ಕಟ್ಟು ದಾರಿಯಲ್ಲಿ ಬಲಗಡೆ ಅಂಚಿಗೆ ಹೋಗ್ಬೇಕು ಅಂತಿದೆ, ಓವರ್‌ಟೇಕ್ ಮಾಡೋನೇ ಮುಂದಿನೋನ ದಾರಿ ಬಿಟ್ಟು ಹೋಗ್ಬೇಕು ಅಂತಿದೆ, ಬಲಕ್ಕೆ ದಾಟೋದಾದ್ರೆ ಎರಡು ಉದ್ದ ಒಂದು ಗಿಡ್ಡ, ಎಡಕ್ಕಾದ್ರೆ ಎರಡು ಉದ್ದ ಎರಡು ಗಿಡ್ಡ, ಒಪ್ಪಿಗೆ ಅಂದ್ರೆ ಉದ್ದ ಗಿಡ್ಡ ಉದ್ದ ಗಿಡ್ಡ. ಹಡಗಲ್ಲಿ ಇದನ್ನ ಬಾಯಿಪಾಠ ಮಾಡಿಸ್ತಿದ್ರು. ನಮ್ಮ ಹೊಳೆಯಲ್ಲಿ ಹಾರ್ನ್ ಇರೋದು ದಿಬ್ಬಣದ ಬಸ್ಸಿನ ಟ್ಯೂನ್ ಹಾಕೋಕೆ.

ಪ್ರವಾಸಿಗರಿಗೆ ಒಂದೆರಡು ಮಾತು. ಬೋಟಿನ ತುದಿ ಮೂತಿಲಿ ಕೂರೋಕೆ ಎಲ್ರಿಗೂ ಆಸೆ, ಗಾಳಿ ಚೆನ್ನಾಗಿ ಬರತ್ತೆ, ರೀಲ್ಸ್ ಚೆನ್ನಾಗಿ ಬರತ್ತೆ. ಆದ್ರೆ ತೆರೆ ಹತ್ತಿ ಇಳಿಯೋವಾಗ ಅತಿ ಹೆಚ್ಚು ಎತ್ತಿ ಕುಕ್ಕೋದು ಆ ಜಾಗವನ್ನೇ, ವಯಸ್ಸಾದೋರಿಗೆ ಬೆನ್ನುಮೂಳೆ ಪೆಟ್ಟಾಗೋದು ಹಾಗೇನೇ, ಅವರನ್ನ ಹಿಂದೆ ಮಧ್ಯಭಾಗದಲ್ಲಿ ಕೂರಿಸಿ. ತೆರೆ ಬರೋವಾಗ ಎದ್ದು ನಿಲ್ಲಬೇಡಿ, ಮಕ್ಕಳ ಕೈ ಬೋಟಿನ ಅಂಚಿನ ಹೊರಗೆ ಬೇಡ, ಜೆಟ್ಟಿ ಹತ್ರ ಅಂತೂ ಬೇಡವೇ ಬೇಡ, ಬೋಟಿಗೂ ಕಂಬಕ್ಕೂ ನಡುವೆ ಬೆರಳು ಸಿಕ್ಕಿದ್ರೆ ಮುಗೀತು. ಡಾಲ್ಫಿನ್ ಬಂತು ಹದ್ದು ಬಂತು ಅಂತ ಎಲ್ಲಾ ಒಂದೇ ಪಕ್ಕಕ್ಕೆ ಓಡೋದು ಇದೆಯಲ್ಲ, ಅದೇ ಹೊತ್ತಿಗೆ ಆ ಕಡೆಯಿಂದನೋ ಈ ಕಡೆಯಿಂದನೋ ತೆರೆ ಬಂದ್ರೆ ಬೋಟಿನ ವಾಲಾಟ ಎಷ್ಟಾಗತ್ತೆ ಅಂತ ಯೋಚನೆ ಮಾಡಿ. ಮತ್ತೆ ಅಣ್ಣಾ ಜೋರಾಗಿ ಬಿಡಿ ಅಂತ ಹುರಿದುಂಬಿಸೋರು ನೀವೇ, ಬಿಡದೇ ಇದ್ರೆ ರೇಟಿಂಗಲ್ಲಿ ಸ್ಟಾರ್ ಕಮ್ಮಿ ಕೊಡೋರೂ ನೀವೇ.

ಬರೀ ತೆರೆಯಿಂದ ಎಲ್ಲಾದ್ರೂ ದೊಡ್ಡ ಅನಾಹುತ ಆಗತ್ತಾ ಅಂತ ಕೇಳೋರಿದಾರೆ. ತೆರೆ ಒಂದೇ ಸಾಲದು, ನಿಜ. ಆದ್ರೆ ಜನ ಹೆಚ್ಚು ತುಂಬಿ ಅಂಚು ನೀರಿಗೆ ಹತ್ರ ಬಂದ ಬೋಟಿಗೆ ಒಂದು ತೆರೆ ಸಾಕು, ಅದು ಗಾಳಿಯದ್ದಾದ್ರೇನು ಪಕ್ಕದ ಬೋಟಿಂದಾದ್ರೇನು. 2019ರ ಜನವರಿ 21ರಂದು ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರ್ತಿದ್ದ ಬೋಟು ಮಗುಚಿ 16 ಜನ ಹೋದ್ರು, ಮರೆಯೋ ಹಾಗಿಲ್ಲ. 2023ರ ಮೇ 7ರಂದು ಕೇರಳದ ತಾನೂರಲ್ಲಿ ಮೀನು ಹಿಡಿಯೋ ಬೋಟನ್ನ ಎರಡು ಮಹಡಿ ಪ್ರವಾಸಿ ಬೋಟು ಮಾಡಿ ಮಿತಿ ಮೀರಿ ಜನ ಹಾಕಿದ್ದು ಮಗುಚಿ 22 ಜನ ಹೋದ್ರು. ಇವೆರಡೂ ಪಕ್ಕದ ಬೋಟಿನ ತೆರೆಯಿಂದ ಆಗಿದ್ದು ಅಂತ ನಾನು ಹೇಳ್ತಾ ಇಲ್ಲ. ಅಂಚು ತಗ್ಗಿದ ಬೋಟಿಗೆ ತಡ್ಕೊಳ್ಳೋ ಶಕ್ತಿ ಎಷ್ಟು ಕಮ್ಮಿ ಇರತ್ತೆ ಅಂತ ಹೇಳ್ತಾ ಇದೀನಿ. ವೀಕೆಂಡ್ ಸಂಜೆ ನಮ್ಮಲ್ಲೂ ಒಂದರ ಹಿಂದೊಂದು ಬೋಟು ಹೋಗೋವಾಗ ಹೊಳೆಯಲ್ಲಿ ಸಪಾಟು ನೀರೇ ಉಳಿದಿರಲ್ಲ.

ಕಾಂಡ್ಲಾ ವಿಷಯ ಬೇರೆ. ಪ್ರವಾಸಿಗರು ಬರೋದೇ ಆ ಕಾಂಡ್ಲಾ ನೋಡೋಕೆ. ದೊಡ್ಡ ಗಿಡ ತೆರೆನ ತಡೆಯತ್ತೆ, ಬೇರು ಜಾಲ ಹಾಗಿದೆ. ಸಣ್ಣ ಸಸಿಗೆ ಆ ತಾಕತ್ತಿಲ್ಲ, ಕಾಂಡ್ಲಾದ ಉದ್ದ ಕೋಡು ಮರದಿಂದ ಬಿದ್ದು ಕೆಸರಲ್ಲಿ ನೆಟ್ಟು ಬೇರು ಬಿಡೋಕೆ ಸ್ವಲ್ಪ ದಿನ ನೀರು ತಣ್ಣಗಿರ್ಬೇಕು, ದಿನಾ ಬೆಳಿಗ್ಗೆಯಿಂದ ಸಂಜೆ ತನಕ ತೆರೆ ಬಡೀತಾ ಇದ್ರೆ ಕೆಸರೂ ತೊಳೆದು ಹೋಗತ್ತೆ ಸಸಿನೂ ಹೋಗತ್ತೆ. ಹೊಳೆ ದಂಡೆಯ ತೆಂಗಿನ ತೋಟದೋರ ಮಣ್ಣಿನ ಕಟ್ಟೂ ಹೀಗೇ ಬುಡದಿಂದ ಕುಸಿಯೋದು. ಗಾಳಿ ತೆರೆ ಯಾವಾಗ್ಲೋ ಒಮ್ಮೆ ಬರತ್ತೆ, ಬೋಟಿನ ತೆರೆಗೆ ರಜೆ ಇಲ್ಲ, ಸೀಸನ್‌ನಲ್ಲಿ ಭಾನುವಾರನೇ ಜಾಸ್ತಿ. ಇಟಲಿಯ ವೆನಿಸ್‌ನೋರು ಇದರಿಂದ ಕಂಗೆಟ್ಟು ಹೋಗಿದಾರೆ, ಮೋಟರ್ ಬೋಟಿನ ತೆರೆ ಬಡಿದು ಬಡಿದು ಹಳೇ ಕಟ್ಟಡಗಳ ಬುಡ ಸವೀತಾ ಇದೆ ಅಂತ ಅಲ್ಲಿ ಒಳ ಕಾಲುವೆಗಳಲ್ಲಿ ಗಂಟೆಗೆ 5 ಕಿ.ಮೀ.ಯಂಥ ಮಿತಿ ಇಟ್ಟಿದಾರೆ, 2021ರ ಆಗಸ್ಟ್‌ನಿಂದ ದೊಡ್ಡ ಕ್ರೂಸ್ ಹಡಗುಗಳನ್ನ ಊರ ಮುಂದಿನ ಕಾಲುವೆಗೆ ಬಿಡೋದೇ ನಿಲ್ಸಿದಾರೆ. ಕಲ್ಲಿನ ಕಟ್ಟಡವೇ ತಾಳದ ತೆರೆ ನಮ್ಮ ಕೆಸರು ದಂಡೆ ತಾಳತ್ತಾ?

ಕಾನೂನು ಇಲ್ಲ ಅಂತಲೂ ಅಲ್ಲ. 1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ, ನೋಂದಣಿ, ತಪಾಸಣೆ, ಓಡಿಸೋರಿಗೆ ಸರ್ಟಿಫಿಕೇಟು ಎಲ್ಲಾ ಅದರಲ್ಲಿದೆ. 2016ರ ಕಾಯ್ದೆಯಲ್ಲಿ ಶರಾವತಿ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಗೂ ಸೇರಿದೆ. ಹೆದ್ದಾರಿ ಅಂತ ಕರೆದ ಮೇಲೆ ಶಾಲೆ ಮುಂದೆ ಸ್ಪೀಡ್ ಬೋರ್ಡ್ ಬೇಡ್ವಾ? ಅಮೆರಿಕದಲ್ಲಿ ಜೆಟ್ಟಿ, ಸೇತುವೆ, ಲಂಗರು ಹಾಕೋ ಜಾಗಗಳ ಹತ್ರ ನೀರಲ್ಲೇ ಬೋರ್ಡ್ ನಿಲ್ಸಿರ್ತಾರೆ ತೆರೆ ಎಬ್ಬಿಸಬೇಡಿ ಅಂತ, ನಿಮ್ಮ ಬೋಟಿನ ತೆರೆಯಿಂದ ಯಾರಿಗೆ ನಷ್ಟ ಆದ್ರೂ ಅದಕ್ಕೆ ನೀವೇ ಹೊಣೆ ಅನ್ನೋದು ಅಲ್ಲಿ ಬೋಟ್ ಇರೋರಿಗೆಲ್ಲ ಗೊತ್ತಿರೋ ವಿಷಯ. ಇಲ್ಲೇ ಪಕ್ಕದ ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೋ ಶುರು ಆಯ್ತಲ್ಲ, ಆ ಬೋಟುಗಳು ಜೋಡಿ ತಳದವು, ಸಪೂರ ಎರಡು ತಳ ಇರೋದ್ರಿಂದ ತೆರೆ ಕಮ್ಮಿ. ಮಂಗಳೂರಿಗೂ ವಾಟರ್ ಮೆಟ್ರೋ ತರ್ತೀವಿ ಅಂತ 2024ರ ರಾಜ್ಯ ಬಜೆಟ್‌ನಲ್ಲಿ ಹೇಳಿದಾರೆ, ನೇತ್ರಾವತಿ ಗುರುಪುರ ಹೊಳೆಗಳಲ್ಲೂ ನಾಳೆ ಇದೇ ಪ್ರಶ್ನೆ ಬರತ್ತೆ, ಈಗ್ಲೇ ಯೋಚನೆ ಮಾಡಿ ಬೋಟ್ ಆರಿಸಿದ್ರೆ ಒಳ್ಳೇದು.

ಬೋಟಿನ ಮಾಲೀಕರು ಏನು ಹೇಳ್ತಾರೆ ಅಂತ ಗೊತ್ತು, ನಿಧಾನ ಹೋದ್ರೆ ಟ್ರಿಪ್ ಕಮ್ಮಿ ಆಗತ್ತೆ ಅಂತ. ಲೆಕ್ಕ ಹಾಕೋಣ. ಪೂರ್ತಿ ಹೊಳೆ ನಿಧಾನ ಹೋಗಿ ಅಂತ ಯಾರೂ ಹೇಳ್ತಾ ಇಲ್ಲ. ಒಂದು ಜಾಗದಲ್ಲಿ 200 ಮೀಟರ್ ನಿಧಾನ ಹೋಗ್ಬೇಕು ಅಂದ್ಕೊಳ್ಳಿ. 24 ಕಿ.ಮೀ.ನಲ್ಲಿ ಅದು 30 ಸೆಕೆಂಡ್, 6 ಕಿ.ಮೀ.ನಲ್ಲಿ 2 ನಿಮಿಷ. ಹೋಗಿದ್ದು ಒಂದೂವರೆ ನಿಮಿಷ. ದಾರಿಯಲ್ಲಿ ಅಂಥಾ ನಾಲ್ಕು ಜಾಗ ಇದ್ರೂ ಒಟ್ಟು 6 ನಿಮಿಷ. ಟಿಕೆಟ್ ಕೌಂಟರ್‌ನಲ್ಲಿ ಫೋನ್‌ಪೇ ಆಗ್ಲಿಲ್ಲ ಅಂತ ನಿಲ್ಲೋದೇ ಅದಕ್ಕಿಂತ ಜಾಸ್ತಿ ಹೊತ್ತು. ಕಾಂಡ್ಲಾ ಪಕ್ಕದಲ್ಲಿ ನಿಧಾನ ಹೋದ್ರೆ ಕೊಕ್ಕರೆ ಮಿಂಚುಳ್ಳಿ ಹಾರಿ ಹೋಗಲ್ಲ, ಜನ ಫೋಟೋ ತೆಗೀತಾರೆ, ಡೀಸೆಲ್ಲೂ ಉಳಿಯತ್ತೆ. ಇದರಲ್ಲಿ ನಷ್ಟ ಎಲ್ಲಿದೆ ಅಂತ ನನಗಂತೂ ಕಾಣ್ತಿಲ್ಲ.

ಬಂದರು ಇಲಾಖೆಯೋರಿಗೆ, ಪ್ರವಾಸೋದ್ಯಮದೋರಿಗೆ ನಾನು ಕೇಳೋದು ದೊಡ್ಡದೇನಲ್ಲ. ಕಾಂಡ್ಲಾ ನಡಿಗೆ ದಾರಿ ಹತ್ರ, ಜೆಟ್ಟಿಗಳ ಹತ್ರ, ಬಳಚು ತೆಗೆಯೋ ದಿಬ್ಬಗಳ ಪಕ್ಕ, ಸೇತುವೆ ಕಂಬಗಳ ನಡುವೆ ನಿಧಾನ ಅಂತ ಬೋರ್ಡೋ ತೇಲೋ ಗುರುತೋ ಹಾಕ್ಸಿ. ಎಲ್ಲಿ ಹಾಕ್ಬೇಕು ಅಂತ ಆಫೀಸಲ್ಲಿ ಮ್ಯಾಪ್ ಇಟ್ಕೊಂಡು ತೀರ್ಮಾನ ಮಾಡೋದಕ್ಕಿಂತ ಬಳಚು ತೆಗೆಯೋ ಹೆಂಗಸರನ್ನ ಒಂದು ದಿನ ಕೂರಿಸಿ ಕೇಳಿ, ದಿಬ್ಬ ಜಾಗ ಬದಲಾದಾಗ ಗುರುತೂ ಬದಲಾಗ್ಲಿ. ಲೈಸೆನ್ಸ್ ಕೊಡೋವಾಗ ಈಜು ಬರತ್ತಾ ಲೈಫ್ ಜಾಕೆಟ್ ಇದೆಯಾ ಅಂತ ಕೇಳೋ ಜೊತೆಗೆ, ದೋಣಿ ಪಕ್ಕ ಹೇಗೆ ದಾಟ್ತೀಯ ತೋರ್ಸು ಅಂತ ನೀರಿಗೆ ಇಳಿಸಿ ನೋಡಿ. ಇನ್ನೊಂದು, ಪ್ರತಿ ಬೋಟಿನ ಎರಡೂ ಪಕ್ಕ ಮತ್ತೆ ಹಿಂದೆ ನಂಬರ್ ದೊಡ್ಡದಾಗಿ ಬರೆಸಿ, ಈಗ ಕೆಲವಕ್ಕೆ ಬಣ್ಣದ ಚಿತ್ರ ಇದೆ ಹೆಸರಿದೆ ನಂಬರ್ ಮಾತ್ರ ಹುಡುಕ್ಬೇಕು, ಬಳಚಿನ ಪಾತ್ರೆ ಮಗುಚಿದೋರು ದೂರು ಕೊಡೋಕೆ ಹೋದ್ರೆ ಯಾವ ಬೋಟು ಅಂತ ಕೇಳ್ತಾರೆ, ನೀಲಿ ಬೋಟು ಅಂದ್ರೆ ನಗ್ತಾರೆ. ದೂರು ಎಲ್ಲಿ ಕೊಡ್ಬೇಕು, ಬಂದರು ಆಫೀಸಲ್ಲಾ, ಪೊಲೀಸ್ ಸ್ಟೇಷನಲ್ಲಾ, ಪಂಚಾಯ್ತಿಯಲ್ಲಾ, ಅದನ್ನೂ ಜೆಟ್ಟಿ ಮೇಲೆ ಕನ್ನಡದಲ್ಲಿ ಬರೆದು ಹಾಕ್ಸಿ.

ಇತಿ,
ಶರಾವತಿ ದಂಡೆಯ ಒಬ್ಬ ಓದುಗ
ಹೊನ್ನಾವರ